ಶಿವಾರಪಟ್ಟಣವನ್ನೂ ಸೇರಿಸಿಕೊಳ್ಳಿ

ಕಲೆಯ ಇತಿಹಾಸದ ಅಧ್ಯಯನ ವಿಸ್ತಾರಗೊಳ್ಳಲು ದೇಶದೇಶಗಳ ವಿದ್ವಾಂಸರ ಒಡನಾಟ ಬೇಕೇ ಬೇಕು. ಅದರ ಫಲ ಕರ್ನಾಟಕಕ್ಕೂ ಸಿಕ್ಕಿದೆ. ನಮ್ಮ ಗುಡಿಗಳ ರಚನಾಕ್ರಮವನ್ನು ಬ್ರಿಟನ್ನಿನ ಆಡಂ ಹಾರ್ಡಿ 1995ರ ಗ್ರಂಥದಲ್ಲಿ ಎಳೆಎಳೆಯಾಗಿ ಬಿಡಿಸಿದರು. ಆದರೆ ಈ ಒಡನಾಟ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಮಾತ್ರ ನಡೆದರೆ ಅರ್ಧ ಜ್ಞಾನ ಹೊರಗೇ ಉಳಿಯುತ್ತದೆ. ಆ ಅರ್ಧ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಊರುಗಳಲ್ಲಿದೆ. ತಲೆಮಾರುಗಳಿಂದ ಕಲ್ಲು ಕೆತ್ತುತ್ತ ಬಂದ ಮನೆಗಳು ಅಲ್ಲಿವೆ. ಶಿಲ್ಪಿ ಸುತ್ತಿಗೆಯಿಂದ ತಟ್ಟಿ, ನಾದ ಕೇಳಿ, ಕಲ್ಲಿನೊಳಗೆ ಬಿರುಕಿದೆಯೇ ಎಂದು ತಿಳಿಯುತ್ತಾನೆ. ಮುಖದ ಒಂಬತ್ತರಷ್ಟು ಎತ್ತರದ ನವತಾಳದ ಮೂರ್ತಿಗೆ ಮುಖದಳತೆ ಹನ್ನೆರಡು ಅಂಗುಲ, ಒಟ್ಟು ಎತ್ತರ 108 ಅಂಗುಲ. ಈ ಲೆಕ್ಕ ಶಿಲ್ಪಶಾಸ್ತ್ರದ ಗ್ರಂಥಗಳಲ್ಲೂ ಇದೆ, ನಿಜ. ಆದರೆ ಅದು ಕಲ್ಲಿಗಿಳಿಯುವಾಗ ಎಲ್ಲಿ ಬಾಗಬೇಕು, ಎಲ್ಲಿ ಬಿಗಿಯಾಗಬೇಕು ಎಂಬುದು ಕೈಗೆ ಮಾತ್ರ ಗೊತ್ತು.

ಶಿಲ್ಪಿ ಪರಂಪರೆಯನ್ನು ಅನುಸರಿಸುತ್ತಾನೆ, ವಿಶ್ಲೇಷಿಸುವುದಿಲ್ಲ ಎಂಬ ಆಕ್ಷೇಪವಿದೆ. ಇಂದಿನ ಕಟರ್ ಯಂತ್ರದ ಕೆಲಸ ಹೊಯ್ಸಳರ ಕಾಲಕ್ಕೆ ಸಾಕ್ಷಿಯಾಗದು ಎಂಬ ಮಾತೂ ಇದೆ, ಅದರಲ್ಲಿ ಹುರುಳಿದೆ. ಹಾಗೆಂದು ಬದುಕಿರುವ ವಿದ್ಯೆಯನ್ನು ಬದಿಗೆ ಸರಿಸಲಾಗದು. ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ 1908ರಲ್ಲೇ ಸಿಂಹಳದ ಕಲೆಯ ಕುರಿತು ಬರೆಯುವಾಗ ಅಲ್ಲಿನ ಕುಶಲಕರ್ಮಿಗಳ ತಿಳಿವಳಿಕೆಯನ್ನೇ ಆಧಾರವಾಗಿ ಹಿಡಿದರು. ಸ್ವಿಟ್ಜರ್ಲೆಂಡಿನ ಕಲಾವಿದೆ ಆಲಿಸ್ ಬೋನರ್ ಒಡಿಶಾದ ಪಂಡಿತ ಸದಾಶಿವ ರಥ ಶರ್ಮರ ಜೊತೆ ಸೇರಿ ದೇವಾಲಯ ವಾಸ್ತುವಿನ ಗ್ರಂಥ ‘ಶಿಲ್ಪಪ್ರಕಾಶ’ವನ್ನು ಸಂಪಾದಿಸಿದರು, ಮುಖಪುಟದಲ್ಲಿ ಇಬ್ಬರ ಹೆಸರೂ ಇದೆ. ಮುಂದಿನ ವಿನಿಮಯ ಯೋಜನೆಗಳಲ್ಲಿ ಶಿವಾರಪಟ್ಟಣದ ಶಿಲ್ಪಿಯನ್ನು ಮಾಹಿತಿದಾರನಾಗಿ ಅಲ್ಲ, ಸಹಲೇಖಕನಾಗಿ, ಗೌರವಧನ ಕೊಟ್ಟು ಕರೆಯಿರಿ.