ಗೋವೆಯ ಬಾಗಿಲು

ಉತ್ತರ ಕನ್ನಡ ಜಿಲ್ಲೆಗೆ ವಿಮಾನ ನಿಲ್ದಾಣವಿಲ್ಲ. ಅಂಕೋಲೆಯ ಅಲಗೇರಿಯಲ್ಲಿ ಆಗುತ್ತದೆ ಎಂಬ ಮಾತನ್ನು ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಹುಬ್ಬಳ್ಳಿಗೆ ಹೋಗಬೇಕೆಂದರೆ ಘಟ್ಟ ಹತ್ತಬೇಕು, ಮಂಗಳೂರು ದಕ್ಷಿಣಕ್ಕೆ ಬಲು ದೂರ. ಹಾಗಾಗಿ ಕಾರವಾರದವರ ಪಾಲಿಗೆ ಆಕಾಶದ ಬಾಗಿಲು ಇರುವುದು ಪಕ್ಕದ ರಾಜ್ಯದಲ್ಲಿ, ಗೋವೆಯ ದಾಬೋಳಿಯಲ್ಲಿ. ನೂರು ಕಿಲೋಮೀಟರಿಗೆ ತುಸು ಕಡಿಮೆ ದಾರಿ. ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುವ ಹುಡುಗರು, ಹಡಗಿನ ನೌಕರಿಯವರು, ಮಗಳ ಬಾಣಂತನಕ್ಕೆ ಹೊರಟ ನನ್ನಂಥವರು, ಎಲ್ಲರೂ ಅಲ್ಲಿಂದಲೇ ಹಾರುತ್ತೇವೆ. 2023ರ ಜನವರಿಯಲ್ಲಿ ಪೆಡ್ಣೆ ತಾಲೂಕಿನ ಮೋಪಾದಲ್ಲಿ ಇನ್ನೊಂದು ನಿಲ್ದಾಣ ಶುರುವಾಯಿತು. ಅದು ಮಹಾರಾಷ್ಟ್ರದ ಅಂಚಿನಲ್ಲಿದೆ, ಅಲ್ಲಿಗೆ ಮುಟ್ಟಲು ನಾವು ಇಡೀ ಗೋವೆಯನ್ನು ಉದ್ದಕ್ಕೆ ದಾಟಬೇಕು. ಟಿಕೆಟ್ ತೆಗೆಯುವಾಗ ದರ ಕೇಳುವ ಮೊದಲು ನಮ್ಮೂರಿನವರು ಕೇಳುವ ಪ್ರಶ್ನೆ, ದಾಬೋಳಿಯೋ ಮೋಪಾವೋ ಎಂದು.

ನನಗೆ ದಾಬೋಳಿಯಿಂದಲೇ ಸಿಕ್ಕಿತ್ತು. ಮಗಳು ಇರುವುದು ಗುವಾಹಟಿಯಲ್ಲಿ. ಬೆಳಗಿನ ಐದೂವರೆಯ ವಿಮಾನ ಹಿಡಿದು ಬೆಂಗಳೂರಿಗೆ ಹೋಗುವುದು, ಅಲ್ಲಿ ಸುಮಾರು ನಾಲ್ಕು ತಾಸು ಕಾಯುವುದು, ಆಮೇಲೆ ಇನ್ನೊಂದು ವಿಮಾನ. ದಾಬೋಳಿಯ ನೆಲ ನೌಕಾಪಡೆಯದ್ದು. ವಾರದ ದಿನಗಳಲ್ಲಿ ಬೆಳಗಿನ ಕೆಲವು ತಾಸು ಅವರ ತರಬೇತಿಗೇ ಮೀಸಲು. ಆ ಹೊತ್ತಿಗೆ ಮೊದಲೇ ಹೊರಡುವ ವಿಮಾನ ಸಿಕ್ಕಿದರೆ ಬೆಳಕಿರುವಾಗಲೇ ಮಗಳ ಮನೆ ಸೇರಬಹುದು ಎಂಬುದು ನನ್ನ ಲೆಕ್ಕ. ಡಿಸೆಂಬರಿನಲ್ಲಿ ಗುವಾಹಟಿಯಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆಗ ನಮ್ಮ ಕಾರವಾರದಲ್ಲಿ ಇನ್ನೂ ಬಿಸಿಲು ಇರುತ್ತದೆ.

ಬಾಣಂತನದ ಚೀಲ ಕಟ್ಟುವುದಕ್ಕೆ ವಾರವೇ ಹಿಡಿಯಿತು. ಗಾಣದಲ್ಲಿ ತೆಗೆಸಿದ ತೆಂಗಿನೆಣ್ಣೆ, ಓಮ, ಮೆಂತೆ, ಶುಂಠಿಪುಡಿ, ಬಜೆ, ಮುರುಗಲು ಸಿಪ್ಪೆ, ಹಳೆಯ ನೂಲಿನ ಸೀರೆ ಹರಿದು ಮಾಡಿದ ಬಟ್ಟೆಗಳು, ಒಂದು ಕುಲಾವಿ. ಒಣಕೊಬ್ಬರಿ ಒಯ್ಯುವ ಹಾಗಿಲ್ಲ. ಅದರಲ್ಲಿ ಎಣ್ಣೆಯಂಶ ಹೆಚ್ಚು, ಬಿಸಿಯೇರಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು ಎಂದು ವಿಮಾನದವರು ಬಿಡುವುದಿಲ್ಲ. ಬಾಣಂತಿಗೆ ಕೊಬ್ಬರಿಯಿಲ್ಲದೆ ನಡೆಯುವುದೂ ಇಲ್ಲ. ಮನೆಯಲ್ಲೇ ತುರಿದು ಹುರಿದು, ಉತ್ತತ್ತಿ, ಗೋಡಂಬಿ, ಬೆಲ್ಲದ ಜೊತೆ ಅಂಟಿನುಂಡೆ ಕಟ್ಟಿ ಡಬ್ಬಿಗೆ ತುಂಬಿದೆ. ಹದಿನೈದು ಕಿಲೋ ಮೀರಬಾರದೆಂದು ಅಕ್ಕಿಯಂಗಡಿಯ ತಕ್ಕಡಿಯಲ್ಲಿ ಚೀಲ ತೂಗಿಸಿ ತಂದೆ.

ರಾತ್ರಿ ಒಂದು ಗಂಟೆಗೆ ಕಾರು ಬಂತು. ಓಡಿಸುವವನು ನನ್ನ ಶಾಲೆಯಲ್ಲಿ ಕಲಿತ ಹುಡುಗ. “ಅಕ್ಕೋರೆ, ನೀವು ಮಲಗಿ. ಮಡಗಾಂವ ಬಂದ ಮೇಲೆ ನಾನೇ ಎಬ್ಬಸ್ತೆ” ಅಂದ. ನಿದ್ದೆ ಎಲ್ಲಿಂದ ಬರಬೇಕು? ಕೋಡಿಬಾಗ ದಾಟಿ ಕಾಳಿ ಸೇತುವೆಯ ಮೇಲೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಪಕ್ಕದ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಇಂಥದ್ದೇ ನಡುರಾತ್ರಿಯಲ್ಲಿ ಕುಸಿದು, ಮೇಲಿದ್ದ ಲಾರಿ ನದಿಗೆ ಬಿದ್ದಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿ ತಂದರು. ಆ ಹೊತ್ತಿನಲ್ಲಿ ಮನೆಯವರನ್ನು ಕಾಣಲು ಹೊರಟ ಕಾರುಗಳು ಅದರ ಮೇಲೆ ಎಷ್ಟಿರಬಹುದಿತ್ತು ಎಂದು ಈಗಲೂ ಎದೆ ನಡುಗುತ್ತದೆ.

ಸದಾಶಿವಗಡ, ಮಾಜಾಳಿ, ಆಮೇಲೆ ಪೊಳೆಂ. ಗೋವೆಯ ತನಿಖಾ ಠಾಣೆಯಲ್ಲಿ ಪೊಲೀಸರು ಟಾರ್ಚ್ ಬಿಟ್ಟು ಒಳಗೆ ನೋಡಿ, ಹೋಗಿ ಎಂದು ಕೈ ಮಾಡಿದರು. ಅಷ್ಟೇ. ಈ ಜಾಗದಲ್ಲಿ ನನಗೆ ಅಜ್ಜಿಯ ನೆನಪು ಬರುತ್ತದೆ. ಅವಳ ತವರು ಕಾಣಕೋಣ. ಕೊಟ್ಟದ್ದು ಕಾರವಾರಕ್ಕೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಎರಡೂ ಅವಳ ನಾಲಿಗೆಗೆ ಸಲೀಸು. 1955ರ ಆಗಸ್ಟ್ 15ರಂದು ಗೋವೆಯೊಳಗೆ ನಡೆದುಹೋದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಅದಾದ ಮೇಲೆ ಗಡಿ ಬಿಗಿಯಾಯಿತು. ಒಂದು ಹಗಲಿನ ದಾರಿಯ ತವರು ಪರದೇಶವಾಗಿ ಕೂತಿತು. ಅವಳ ಅಪ್ಪ ತೀರಿಕೊಂಡ ಸುದ್ದಿ ಮೀನಿನ ದೋಣಿಯವರ ಬಾಯಿಂದ ಬಂದದ್ದು, ಅದೂ ಹನ್ನೆರಡನೆಯ ದಿನ ಕಳೆದ ಮೇಲೆ. 1961ರ ನವೆಂಬರಿನಲ್ಲಿ ಕಾರವಾರದ ಕಡಲಿನಲ್ಲೇ ಇರುವ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಅಂಜುದೀವ್ ದ್ವೀಪದಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರಿನಲ್ಲಿ ಭಾರತದ ಸೇನೆ ಒಳಗೆ ಹೋಯಿತು. ಮುಂದಿನ ತಿಂಗಳು ಅಜ್ಜಿ ನನ್ನ ಅಮ್ಮನನ್ನು ಕರೆದುಕೊಂಡು ಹೊರಟಳು. ಕಾಳಿಗೆ ಆಗ ಸೇತುವೆ ಇರಲಿಲ್ಲ. ದೋಣಿಯಲ್ಲಿ ಸದಾಶಿವಗಡಕ್ಕೆ ಹೋಗಿ, ಅಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಕಳೆದು, ಮರುದಿನ ನಸುಕಿನಲ್ಲಿ ಎತ್ತಿನ ಗಾಡಿ ಹತ್ತಿದರಂತೆ. ತವರಿನ ಅಂಗಳದಲ್ಲಿ ಅವಳ ಅಮ್ಮ ಅವಳನ್ನು ಗುರುತಿಸಲು ಸ್ವಲ್ಪ ಹೊತ್ತು ತೆಗೆದುಕೊಂಡಳು ಎಂದು ಹೇಳುವಾಗ ಅಜ್ಜಿಯ ಗಂಟಲು ಯಾವಾಗಲೂ ಕಟ್ಟುತ್ತಿತ್ತು.

ಗಾಲಜಿಬಾಗ, ತಳಪಣ ಹೊಳೆಗಳ ಮೇಲೆ ಈಗ ಅಗಲ ಸೇತುವೆಗಳು. 2019ರಲ್ಲಿ ತೆರೆದ ಬೈಪಾಸಿನಿಂದಾಗಿ ಕಾಣಕೋಣದ ಪೇಟೆಯೊಳಗೆ ನುಗ್ಗುವ ಕೆಲಸವೇ ಇಲ್ಲ. ಅಜ್ಜಿಯ ಊರನ್ನು ಕೆಲವು ನಿಮಿಷಗಳಲ್ಲಿ ದಾಟಿಬಿಟ್ಟೆವು. ಕರ್ಮಲ ಘಾಟಿಯ ತಿರುವುಗಳು ಮುಗಿದು ಮಡಗಾಂವ ಬಂತು, ವೆರ್ಣೆ ಬಂತು, ದಾಬೋಳಿಯ ದೀಪಗಳು ಕಂಡವು.

ಈ ನಿಲ್ದಾಣವೇ ಆ ಮುಚ್ಚಿದ ಗಡಿಯ ಕಾಲದ್ದು. ಭಾರತ ನೆಲದ ದಾರಿಗಳನ್ನು ಮುಚ್ಚಿದ್ದರಿಂದ ಪೋರ್ಚುಗೀಸರು ಗೋವೆ, ದಮನ್, ದೀವ್, ಕರಾಚಿಗಳನ್ನು ಜೋಡಿಸಲು ತಮ್ಮದೇ ವಿಮಾನ ಸಂಸ್ಥೆ ನಡೆಸಿದರು. 1961ರ ಡಿಸೆಂಬರ್ 18ರಂದು ನಮ್ಮ ವಾಯುಪಡೆ ಈ ರನ್‌ವೇ ಮೇಲೆ ಬಾಂಬು ಹಾಕಿತು. ನಿಂತಿದ್ದ ಎರಡು ಪ್ರಯಾಣಿಕ ವಿಮಾನಗಳು ಉಳಿದುಕೊಂಡವು. ಆ ರಾತ್ರಿಯೇ ಕೆಲಸದವರು ರನ್‌ವೇಯ ಸ್ವಲ್ಪ ಭಾಗ ಸರಿಮಾಡಿದರು. ಕೆಲವು ಅಧಿಕಾರಿಗಳ ಕುಟುಂಬದವರನ್ನು ಕೂರಿಸಿಕೊಂಡು ಅವು ಕತ್ತಲಲ್ಲಿ ಕಡಲಿನ ಮೇಲೆ ತೀರ ಕೆಳಗೆ ಹಾರುತ್ತ ಕರಾಚಿ ಸೇರಿದವು. ಮೊದಲನೆಯದು ಏಳುವಷ್ಟರಲ್ಲಿ ಕಲ್ಲುಚೂರು ಬಡಿದು ಅದರ ಮೈತುಂಬ ತೂತಾಗಿತ್ತು. ಅಜ್ಜಿಯನ್ನು ತವರಿನಿಂದ ಅಗಲಿಸಿದ ಆಡಳಿತದವರು ಅವರು, ನಿಜ. ಆದರೂ ಮಡಿಲಲ್ಲಿ ಮಗು ಹಿಡಿದು ಆ ವಿಮಾನದಲ್ಲಿ ಕೂತ ಹೆಂಗಸರಿಗಾಗಿ ನನಗೆ ಸಂಕಟವಾಗುತ್ತದೆ. ಅವರೂ ಕರಾಚಿಯಲ್ಲಿ ಇಳಿದು, ಮುಂದಿನ ವಿಮಾನ ಯಾವಾಗಲೋ ಎಂದು ಕಾದಿರಬೇಕು.

ಗೇಟಿನ ಹತ್ತಿರ ನೆಲ ಒರೆಸುತ್ತಿದ್ದ ಹೆಂಗಸು ನನ್ನ ಫೋನಿನ ಕನ್ನಡ ಕೇಳಿ ಹತ್ತಿರ ಬಂದಳು. “ಎಲ್ಲಿಗಿ ಹೊಂಟೀರಿ ಯವ್ವಾ?” ಮಗಳ ಬಾಣಂತನಕ್ಕೆ ಅಂದೆ. ಮುಖ ಅರಳಿತು. ಅವಳದು ಮುದ್ದೇಬಿಹಾಳದ ಕಡೆ ಊರು. ಇರುವುದು ಝುವಾರಿನಗರದಲ್ಲಿ. ಎರಡು ಮಕ್ಕಳನ್ನು ಊರಲ್ಲಿ ಅವ್ವನ ಹತ್ತಿರ ಬಿಟ್ಟಿದ್ದಾಳೆ, ಶಾಲೆಗಾಗಿ. “ಪಂಚಮಿಗೆ ಹೋಗಿದ್ದೆ. ಇನ್ನ ಸಂಕ್ರಮಣಕ್ಕ ಹೋಗಬೇಕ್ರಿ. ವಾಸ್ಕೋದಾಗ ರಾತ್ರಿ ಬಸ್ ಹತ್ತಿದ್ರ ಮುಂಜಾನೆ ಊರು” ಎಂದಳು. ಗೋವೆಯ ರಸ್ತೆ, ಬಂದರು, ಗಣಿ, ಕಟ್ಟಡಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದವರ ದುಡಿಮೆ ದಶಕಗಳಿಂದ ಸೇರಿದೆ. ಬಾಯ್ನಾ, ಝುವಾರಿನಗರಗಳ ಓಣಿಗಳಲ್ಲಿ ಕನ್ನಡವೇ ಕೇಳುತ್ತದೆ. ಶಿಕ್ಷಕಿಯಾಗಿದ್ದವಳು ನಾನು, ಮಕ್ಕಳನ್ನು ಬಿಟ್ಟು ದುಡಿಯುವ ತಾಯಂದಿರನ್ನು ಕಂಡರೆ ಸುಮ್ಮನಿರಲಾರೆ. ಈ ಮಕ್ಕಳು ತಾಯಿಯ ಹತ್ತಿರವೇ ಇದ್ದು ನೆಮ್ಮದಿಯಾಗಿ ಓದುವಂತೆ ಎರಡೂ ಸರಕಾರಗಳು ನೋಡಬೇಕು. ಹಬ್ಬಕ್ಕೊಮ್ಮೆ ಅಮ್ಮನನ್ನು ಕಾಣುವುದು ಮಕ್ಕಳಿಗೆ ಸಾಲದು. ನಾಲ್ಕು ಅಂಟಿನುಂಡೆ ಅವಳ ಕೈಯಲ್ಲಿಟ್ಟೆ. ಒಂದನ್ನು ಅಲ್ಲೇ ತಿಂದು, “ಚಲೋ ಆಗ್ಯಾವ್ರಿ, ನಮ್ಮ ಕಡೆ ಹಂಗ” ಅಂದಳು.

ವಿಮಾನದಲ್ಲಿ ಗಾಢ ನಿದ್ದೆ. ಎಚ್ಚರವಾದಾಗ ದೇವನಹಳ್ಳಿಯ ಬಯಲು.

ನಡುವಿನ ಈ ನಾಲ್ಕು ತಾಸನ್ನು ಹೇಗೆ ಕಳೆಯುತ್ತೀ ಎಂದು ಮಗಳು ಕೊರಗುತ್ತಿದ್ದಳು. ನನಗೆ ಅದು ಬೇಕಾಗಿಯೇ ಇತ್ತು. ಅಜ್ಜಿ ಸದಾಶಿವಗಡದಲ್ಲಿ ಕಳೆದ ರಾತ್ರಿಯ ಬಗ್ಗೆ ಹೇಳಿದ್ದು ಇದೆ: ದೋಣಿಯಿಂದ ಇಳಿದು ನೇರ ತವರಿಗೆ ಹೋಗಿದ್ದರೆ ಅಳುವುದೊಂದೇ ಆಗುತ್ತಿತ್ತು, ಆ ರಾತ್ರಿಯಲ್ಲಿ ಕೇಳಬೇಕಾದದ್ದು, ಹೇಳಬೇಕಾದದ್ದು ಎಲ್ಲ ನೆನಪು ಮಾಡಿಕೊಂಡೆ ಎಂದು. ಮನೆಯಲ್ಲಿ ಅಷ್ಟು ದಿನ ಚೀಲ, ಔಷಧಿ, ತೂಕಗಳಲ್ಲೇ ಮುಳುಗಿದ್ದವಳಿಗೆ ಕೈಗೆ ಕೆಲಸವಿಲ್ಲದ ಹೊತ್ತು ಸಿಕ್ಕಿದ್ದು ಬೆಂಗಳೂರಿನಲ್ಲೇ. ದೊಡ್ಡ ಚೀಲ ತಾನಾಗಿಯೇ ಮುಂದಿನ ವಿಮಾನಕ್ಕೆ ಹೋಗುತ್ತದೆ. ಕಾಫಿ ಕುಡಿದು, ಕಟ್ಟಿ ತಂದ ದೋಸೆ ತಿಂದು, ಕಿಟಕಿಯ ಪಕ್ಕ ಕೂತು ನೋಟುಬುಕ್ಕು ತೆಗೆದೆ.

ಮಗಳು ಕೇಳಿದ್ದು ಒಂದೇ ಒಂದು. “ಆಯಿ, ಅಜ್ಜಿಯ ಜೋಗುಳ ನನಗೆ ಪೂರ್ತಿ ಬರುವುದಿಲ್ಲ. ಬರೆದುಕೊಂಡು ಬಾ.” ಅವಳು ಅಜ್ಜಿ ಎನ್ನುವುದು ನನ್ನ ಅಮ್ಮನಿಗೆ. ಅಮ್ಮ ಕಲಿತದ್ದು ಅವಳ ಅಮ್ಮನಿಂದ. ಕಾಣಕೋಣದ ಕೊಂಕಣಿ ಹಾಡು ಅದು, ನಡುನಡುವೆ ಕಾರವಾರದ ಕನ್ನಡ ಮಾತುಗಳು ಸೇರಿಕೊಂಡಿವೆ. ಮನೆಯಲ್ಲಿ ಬರೆಯಲು ಕೂತಾಗ ಎರಡನೆಯ ನುಡಿ ದಾಟುತ್ತಲೇ ಇರಲಿಲ್ಲ. ಹಾಡುತ್ತ ತೊಟ್ಟಿಲು ತೂಗುವ ಅಭ್ಯಾಸವಾದವರಿಗೆ ಕೈ ಆಡದಿದ್ದರೆ ಪದ ಬರುವುದಿಲ್ಲ. ಕೈಚೀಲವನ್ನು ತೊಡೆಯ ಮೇಲಿಟ್ಟು ಮೆಲ್ಲಗೆ ತೂಗುತ್ತ, ತುಟಿಯೊಳಗೇ ಹೇಳಿಕೊಂಡೆ. ಮೂರನೆಯದು ಬಂತು, ನಾಲ್ಕನೆಯದು ಅರ್ಧ ಬಂತು. ಎದುರಿಗೆ ಕೂತಿದ್ದ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು ಕೇಳುತ್ತಿದ್ದಳು. ಅವಳಿಗೆ ಕೊಂಕಣಿ ಬರುತ್ತಿತ್ತೋ ಇಲ್ಲವೋ ಕೇಳಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಐದೂ ನುಡಿಗಳು ಕನ್ನಡ ಅಕ್ಷರಗಳಲ್ಲಿ ಪುಟದ ಮೇಲಿದ್ದವು.

ಬೋರ್ಡಿಂಗ್ ಶುರುವಾಯಿತು. ಸಾಲಿನಲ್ಲಿ ನಿಂತೇ ಮಗಳಿಗೆ ಫೋನ್ ಮಾಡಿದೆ. ನಾನು ಮನೆ ಮುಟ್ಟುವಾಗ ಎರಡೂವರೆ ದಾಟುತ್ತದೆ, ಅಲ್ಲಿ ಬೇಗ ಕತ್ತಲೆ, ಬಿಸಿಲು ಇರುವಾಗಲೇ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಬೇಕು, ಎರಡು ಗಂಟೆಗೇ ನೀರು ಕಾಯಲು ಇಡು ಎಂದೆ. “ಹಾಡು ಸಿಕ್ಕಿತಾ?” ಎಂದಳು. ಸಿಕ್ಕಿದೆ, ಮೊದಲು ನೀರಿನ ಕೆಲಸ ನೋಡು ಎಂದು ಹೇಳಿ ಫೋನ್ ಇಟ್ಟೆ.