ಕುಡಗೋಲು ಮೆಚ್ಚುವ ಕಲ್ಲು

ಕಲಬುರಗಿಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಲ್ಲು. ಮನೆಗಳ ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು, ಬಹಮನಿ ಕೋಟೆಯ ಗೋಡೆಗೆ ಏರಿದ್ದು ಕರಿಕಲ್ಲು. ಕೋಟೆ ನೋಡಿಕೊಂಡು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೊರಟೆ. ಅದು ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಹಣ್ಣೇನೋ ತಿಂದೆ, ಆದರೆ ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಒಂದು ಕಲ್ಲು!

ತೊಗರಿ ಕೊಯ್ಲಿನ ದಿನಗಳು. ಹೊಲದ ಬದುವಿನ ಮೇಲೆ ಅಜ್ಜಿಯೊಬ್ಬರು ಕುಡಗೋಲು ಮಸೆಯುತ್ತಿದ್ದರು. ತೊಗರಿಯ ಕಾಂಡ ಕಟ್ಟಿಗೆಯಷ್ಟೇ ಗಟ್ಟಿ. "ಮೊಂಡ ಕುಡಗೋಲ ತೊಗರಿ ಕಡ್ಯಂಗಿಲ್ರಿ, ಜಾರಿ ಕೈ ಕಡಿತದ" ಎಂದರು. ಅವರ ಮಸೆಗಲ್ಲು ಅಂಗಡಿಯದಲ್ಲ, ಹಳ್ಳದಲ್ಲಿ ಆರಿಸಿದ್ದು.

ಹೇಗೆ ಆರಿಸುತ್ತಾರೆ? ಶಹಾಬಾದ್ ಕಲ್ಲು ನುಣುಪು, ಸಮತಟ್ಟು. ಮಸೆಯಲೆಂದೇ ಹುಟ್ಟಿದಂತೆ ಕಾಣುತ್ತದೆ. ಅಜ್ಜಿ ಅದರ ಚೂರೊಂದನ್ನು ಕುಡಗೋಲಿನ ತುದಿಯಿಂದ ಗೀರಿದರು. ಬಿಳಿ ಗೆರೆ ಮೂಡಿ ಪುಡಿ ಉದುರಿತು. ಅದು ಸುಣ್ಣದಕಲ್ಲು. ಆ ಪುಡಿಗೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಟ್ಟ. (ಹೆಸರು ಹಾಗಿದ್ದರೂ ಲೆಕ್ಕದಲ್ಲಿ ಮೋಸವಿಲ್ಲ.) ಸುಣ್ಣದಕಲ್ಲಿನ ಖನಿಜಕ್ಕೆ ಅಲ್ಲಿ ಬರೀ 3. ಚಾಕುವಿನ ಉಕ್ಕಿಗೆ ಸುಮಾರು 5.5. ಮೆತ್ತನೆಯದು ಗಟ್ಟಿಯದನ್ನು ಹೇಗೆ ತಾನೇ ತೇಯ್ದೀತು?

ಆಮೇಲೆ ಕರಿಕಲ್ಲನ್ನು ಗೀರಿದರು. ಕಲ್ಲಿಗೆ ಗಾಯವಿಲ್ಲ, ಕಬ್ಬಿಣವೇ ಸವೆದು ಬೆಳ್ಳಿಬಣ್ಣದ ಗೆರೆ ಬಿತ್ತು. ಕೋಟಿಗಟ್ಟಲೆ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದ ಕಲ್ಲಿದು. ಇದರ ಮುಖ್ಯ ಖನಿಜದ ಅಂಕ ಸುಮಾರು 6.

ಹಾಗೆಂದು ಎಲ್ಲ ಕರಿಕಲ್ಲೂ ಆಗದು. ಲಾವಾದ ಗಾಳಿಗುಳ್ಳೆಗಳು ಕೆಲವು ಕಲ್ಲುಗಳಲ್ಲಿ ತೂತಾಗಿ ಉಳಿದಿವೆ, ಕೆಲವುಗಳಲ್ಲಿ ಬಿಳಿ ಹರಳು ತುಂಬಿಕೊಂಡಿದೆ. ಬಾಯಿ ಅಲ್ಲಿ ತಡವರಿಸುತ್ತದೆ. ಕೆಂಪು ಜಂಬಿಟ್ಟಿಗೆಯಂತೂ ತೂತೇ ತೂತು. ಅಜ್ಜಿ ಕಣ್ಣು ಮುಚ್ಚಿ ಕಲ್ಲಿನ ಮೇಲೆ ಉಗುರು ಎಳೆಯುತ್ತಿದ್ದರು. ಉಗುರು ಎಲ್ಲೂ ಎಡವಬಾರದು, ಪೂರಾ ಜಾರಲೂಬಾರದು. ಸಣ್ಣ ರವೆಯ ಮೇಲೆ ಹೋದಂತಿರಬೇಕು. ಕೋಟೆಯ ಕಲ್ಲನ್ನು ಅಷ್ಟು ಹೊತ್ತು ನೋಡಿದರೂ ನನಗೆ ಇದು ಹೊಳೆದಿರಲಿಲ್ಲ.

ನೀವೂ ನಿಮ್ಮೂರ ಕಲ್ಲುಗಳನ್ನು ಗೀರಿ ನೋಡಿ. ಹಳೆಯ ಮೊಳೆ ಸಾಕು, ಕುಡಗೋಲು ದೊಡ್ಡವರ ಕೈಯಲ್ಲೇ ಇರಲಿ.

ಅಜ್ಜಿಯ ಕಲ್ಲಿನ ನಡುವೆ ತೊಟ್ಟಿಲಿನಂಥ ತಗ್ಗು ಬಿದ್ದಿತ್ತು. ತಗ್ಗಾದ ಕಲ್ಲಿನಲ್ಲಿ ಬಾಯಿ ನೆಟ್ಟಗೆ ಕೂರುವುದಿಲ್ಲವಂತೆ. ಸೊಸೆ ಹಳ್ಳದಲ್ಲಿ ಇನ್ನೊಂದನ್ನು ನೋಡಿಟ್ಟಿದ್ದಾಳೆ.