ಮಾವಿಗೆ ಮಳೆ ಬೇಕೋ, ಬೇಡವೋ?

ನವೆಂಬರ್ ಕೊನೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಬಂಗಾರಪೇಟೆ ಸುತ್ತಲಿನ ಹಳ್ಳಿಗಳಲ್ಲಿ ಎರಡು ಆಸೆ ಒಟ್ಟಿಗೇ ಹುಟ್ಟುತ್ತವೆ. ಕೊಳವೆಬಾವಿ ಬತ್ತಿದವನಿಗೆ ಕೆರೆ ತುಂಬಬೇಕು. ಮಾವಿನ ತೋಪು ಇಟ್ಟವನಿಗೆ ಒಂದು ಹನಿಯೂ ಬೇಡ. ಬಹಳ ಸಲ ಇಬ್ಬರೂ ಒಬ್ಬನೇ.

ಬಯಲುಸೀಮೆಯಲ್ಲಿ ಮಳೆ ಬೇಡ ಎನ್ನುವ ಮಾತು ಕೇಳಿದಾಗಲೆಲ್ಲ ಎದೆಯಲ್ಲಿ ಏನೋ ಕುಟುಕುತ್ತದೆ. ಸದಾ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಈ ಕೋಲಾರ. 2021ರ ನವೆಂಬರ್‌ನಲ್ಲಿ ಮಳೆ ಹಿಡಿದುಕೊಂಡಾಗ ಕೆರೆಗಳು ಕೋಡಿ ಬಿದ್ದವು, ಜನ ಬಾಗಿನ ಕೊಟ್ಟರು. ಅದೇ ಮಳೆಗೆ ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು.

ಮಾವಿನ ಲೆಕ್ಕ ತೋಟಗಾರಿಕೆಯವರು ಹೇಳುವುದು ಹೀಗೆ. ಹೂವು ಬರುವುದು ಬಲಿತ ಕೊಂಬೆಯ ತುದಿಯಲ್ಲಿ. ಕೊನೆಯ ಚಿಗುರು ಬಲಿತ ಮೇಲೆ ಮರ ಕೆಲವು ತಿಂಗಳು ಸುಮ್ಮನಿರಬೇಕು, ನೆಲ ಒಣಗಬೇಕು, ರಾತ್ರಿ ತಣ್ಣಗಾಗಬೇಕು. ಆ ಹೊತ್ತಿನಲ್ಲಿ ನೀರು ಸಿಕ್ಕರೆ ಹೂವಾಗಬೇಕಾದ ಮೊಗ್ಗು ಎಲೆಯಾಗಿಬಿಡುತ್ತದೆ. ಇಷ್ಟು ಅರ್ಥವಾಗುತ್ತದೆ. ಅರ್ಥವಾಗದ್ದು ಬೇತಮಂಗಲ ರಸ್ತೆಯ ಒಂದು ತೋತಾಪುರಿ ಮರ. ಬಿಸಿಲು ಬೀಳುವ ಮಗ್ಗುಲಲ್ಲಿ ಹೂಗೊಂಚಲು ತೆನೆತೆನೆಯಾಗಿ ನಿಂತಿದೆ, ಇನ್ನೊಂದು ಮಗ್ಗುಲಲ್ಲಿ ತಾಮ್ರದ ಬಣ್ಣದ ಚಿಗುರು. ಬೇರು ಒಂದೇ, ಮಳೆ ಒಂದೇ. ಹೋದ ವರ್ಷ ಯಾವ ಕೊಂಬೆ ಕಾಯಿ ಹೊತ್ತಿತ್ತೋ ಅದು ಈ ವರ್ಷ ದಣಿದಿರಬಹುದು ಎನ್ನುತ್ತಾರೆ. ಹಾಗಾದರೆ ಕೊಂಬೆಗೊಂದು ವರ್ಷವೇ?

ಇನ್ನೊಂದು ಗೊಂದಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ಕೆರೆಗಳ ಆಸುಪಾಸಿನ ಬಾವಿಗಳಿಗೆ ಜೀವ ಬಂದಿದೆ. ಮಳೆಯಿಲ್ಲದ ಡಿಸೆಂಬರ್‌ನಲ್ಲೂ ಕೆರೆಯಂಚಿನ ತೋಪಿನ ಬೇರಿಗೆ ತೇವ ಸಿಗುತ್ತಿದ್ದರೆ ಆ ಮರ ಬಾಯಾರುವುದು ಯಾವಾಗ, ಹೂ ಬಿಡುವುದು ಯಾವಾಗ? ಕೆರೆಯಂಚಿನ ತೋಪನ್ನೂ ದಿಬ್ಬದ ಮೇಲಿನ ತೋಪನ್ನೂ ನಾಲ್ಕಾರು ವರ್ಷ ಜೊತೆಯಿಟ್ಟು ನೋಡಬೇಕು. ಹೊಗಳಗೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರ ದೂರವೇನಿಲ್ಲ.

ಜನವರಿ. ಕೆಜಿಎಫ್‌ನ ಕೋರಮಂಡಲ್ ನಿಲ್ದಾಣದಲ್ಲಿ ಬೆಳಗಿನ ರೈಲಿಗೆ ನಿಂತವರು ಮಫ್ಲರ್ ಸುತ್ತಿಕೊಂಡಿರುತ್ತಾರೆ. ಚಳಿ ಹೂವು ತರುತ್ತದೆ, ಸರಿ. ಆದರೆ ಚಳಿ ಹೆಚ್ಚಾದರೆ ಗೊಂಚಲಿನಲ್ಲಿ ಗಂಡುಹೂವೇ ಹೆಚ್ಚು, ಕಾಯಿ ಕಚ್ಚಬಲ್ಲ ಹೂವು ಕಡಿಮೆ. ಪರಾಗ ಹೊರುವ ನೊಣಗಳೂ ಬಿಸಿಲು ಏರುವವರೆಗೆ ಏಳುವುದಿಲ್ಲ. ಮೇಲೆ ಮಂಜು, ಮೋಡ ಕವಿದರೆ ಬೂದಿರೋಗ, ಜಿಗಿಹುಳ. ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿದೆ. ಅಂಗೈಗೆ ಅಂಟು ಹತ್ತಿತು, ಹುಳುಗಳು ಚಟಪಟನೆ ಹಾರಿದವು, ಕೆಳಗಿನ ಎಲೆಯ ಮೇಲೆ ಮಸಿ ಬಳಿದ ಹಾಗೆ ಕಪ್ಪು. ಸಾವಿರಾರು ಹೂವಿನ ಆ ಗೊಂಚಲಲ್ಲಿ ಕೊನೆಗೆ ಒಂದೆರಡು ಕಾಯಿ ನಿಂತರೆ ಅದೇ ಒಳ್ಳೆಯ ಫಸಲು.

ಹೂವು ನೋಡಿಯೇ ತೋಪು ಗುತ್ತಿಗೆಗೆ ಹೋಗುತ್ತದೆ. “ದುಡ್ಡು ಬಂತಲ್ಲ, ಇನ್ನು ಮಳೆ ಅವರದು, ಗಾಳಿ ಅವರದು ಸಾರ್” ಅಂದರು ಒಬ್ಬ ಹಿರಿಯರು. ಔಷಧಿ ಹೊಡೆಸುವುದು, ಕಾವಲು, ಕೀಳಿಸುವುದು ಎಲ್ಲ ಗುತ್ತಿಗೆದಾರನದು. ಹವಾಮಾನವನ್ನೇ ಮಾರಿದ ಹಾಗಾಯಿತು. ಆದರೆ ಆಲಿಕಲ್ಲು ಬಿದ್ದ ವರ್ಷ ಗುತ್ತಿಗೆದಾರ ಬಾಕಿ ಕಂತು ಕೊಡದೆ ಹೋದರೆ ಮಾರಿದ್ದು ಮತ್ತೆ ಮನೆಗೇ ಬರುತ್ತದೆ.

ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಈ ಚಿಂತೆ ಇರಲಿಲ್ಲ. ಮೂರು ಕಿಲೋಮೀಟರಿಗೂ ಆಳದಲ್ಲಿ ಸದಾ ಒಂದೇ ಋತು, ಕುದಿಯುವ ಸೆಕೆ. ಸಂಬಳ ಮೋಡ ನೋಡುತ್ತಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು.

ಮೇ ತಿಂಗಳ ಆಲಿಕಲ್ಲು ಒಂದು ಊರನ್ನು ಬಡಿದು ಪಕ್ಕದ ಊರನ್ನು ಬಿಟ್ಟು ಹೋಗುತ್ತದೆ. ಮಾವಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ; ಪರಿಹಾರ ನಿಲ್ಲುವುದು ಮಾಪನ ಕೇಂದ್ರದ ಅಂಕಿಯ ಮೇಲೆ. ಮಾಪಕ ಒಂದು ಕಡೆ, ಉದುರಿದ ಕಾಯಿ ಇನ್ನೊಂದು ಕಡೆಯಾದರೆ ಯಾವುದನ್ನು ನಂಬಬೇಕು? ನಾನಾದರೆ ಕಾಯಿಯನ್ನು ನಂಬುತ್ತೇನೆ.

2025ರ ಜೂನ್ ಇನ್ನೂ ಕಾಡುತ್ತದೆ. ಮರದಲ್ಲಿ ಕಾಯಿ ಇತ್ತು, ಕೊಳ್ಳುವವರಿರಲಿಲ್ಲ. ಇಲ್ಲಿನ ತೋತಾಪುರಿ ಹೆಚ್ಚಾಗಿ ಹೋಗುವುದು ಆಂಧ್ರದ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ. ಅಲ್ಲಿಯ ಆಡಳಿತ ಹೊರರಾಜ್ಯದ ಕಾಯಿ ಬಾರದಂತೆ ತಡೆಯಿತು. ಶ್ರೀನಿವಾಸಪುರದಲ್ಲಿ ಬಂದ್ ಆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ಪತ್ರ ಬರೆದರು. ಆಮೇಲೆ ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ದರ ಇಟ್ಟು 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಕೊಡಿಸಲು ಒಪ್ಪಿತು. ಮರ ತನ್ನ ಕೆಲಸ ಮಾಡಿತ್ತು. ಎಕರೆಗೆ ಇಷ್ಟು ಟನ್ ಎಂದು ಬರೆಯುವ ಪುಸ್ತಕದಲ್ಲಿ ಆ ವರ್ಷವನ್ನು ಒಳ್ಳೆಯದೆಂದು ಬರೆಯುವುದೋ, ಕೆಟ್ಟದ್ದೆಂದೋ?

ಈಗ ಕೆಲವರು ತೋತಾಪುರಿಯ ದೊಡ್ಡ ಕೊಂಬೆ ಕತ್ತರಿಸಿ ಬೇರೆ ತಳಿಯ ಕಸಿ ಕಟ್ಟಿಸುವ ಮಾತಾಡುತ್ತಿದ್ದಾರೆ. ಬಾದಾಮಿಯೋ ಮಲ್ಲಿಕಾವೋ ಎಂದು ಆ ಹಿರಿಯರು ನನ್ನನ್ನೇ ಕೇಳಿದರು. ಕಸಿ ಫಲಕ್ಕೆ ಬರಲು ಕೆಲವು ವರ್ಷ ಬೇಕು. ಅಷ್ಟರೊಳಗೆ ಬರುವ ನವೆಂಬರ್‌ಗಳು ಒಣಗಿರುತ್ತವೋ ನೆನೆದಿರುತ್ತವೋ, ಯಾವ ತಳಿ ಆ ತೇವವನ್ನು ತಡೆದುಕೊಂಡು ಹೂ ಬಿಡುತ್ತದೋ, ಹೊಗಳಗೆರೆಯಲ್ಲಿ ವಿಚಾರಿಸಿ ಹೇಳುತ್ತೇನೆ ಎಂದು ಬಂದಿದ್ದೇನೆ.